ಠಾಣೆಗೊಂದು ಒಗಟು, ಗೆದ್ದವರ ಮನೆಗೊಂದು ಪುಸ್ತಕ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಪೊಲೀಸ್ ಸಂಘದ ಸದಸ್ಯರಿಗೆ, ನಿವೃತ್ತರಿಗೆ ಮತ್ತು ಅವರ ಮನೆಯವರಿಗೆ,



ಸುತ್ತಿ ಬಳಸದೆ ಕೇಳಿಬಿಡುತ್ತೇನೆ. ನಾಲ್ಕೂ ತಾಲ್ಲೂಕಿನ ಠಾಣೆಗಳ ನೋಟಿಸ್ ಬೋರ್ಡಿಗೆ ತಿಂಗಳಿಗೊಂದು ಒಗಟಿನ ಹಾಳೆ ಹಾಕಿಸಿ. ಒಂದು ಪದಬಂಧ, ಒಂದು ಲೆಕ್ಕ, ತರ್ಕದಿಂದ ಬಿಡಿಸುವಂಥ ಒಂದು ಸಮಸ್ಯೆ, ನಮ್ಮ ಸೀಮೆಯ ಒಂದೆರಡು ಒಗಟು, ಇಷ್ಟಿದ್ದರೆ ಸಾಕು. ಪಿಸಿಯಿಂದ ಹಿಡಿದು ಡಿವೈಎಸ್‌ಪಿವರೆಗೆ ಯಾರು ಬೇಕಾದರೂ ಬಿಡಿಸಲಿ. ಕ್ವಾರ್ಟರ್ಸ್‌ನಲ್ಲಿರುವ ಹೆಂಡತಿ, ಗಂಡ, ಮಕ್ಕಳು ಬಿಡಿಸಲಿ. ಪಿಂಚಣಿ ಎಣಿಸಿಕೊಂಡು ಮನೆಯಲ್ಲಿರುವ ಹಿರಿಯರೂ ಬಿಡಿಸಲಿ. ಗೆದ್ದವರಿಗೆ ಶೀಲ್ಡು, ಶಾಲು, ಹಾರ ಬೇಡ. ಪುಸ್ತಕ ಕೊಡಿ.

ಪದಬಂಧ ಕಟ್ಟುವುದು ನನ್ನ ಹವ್ಯಾಸ. ಹಾಗಂತ ನನ್ನ ಹವ್ಯಾಸವನ್ನು ನಿಮ್ಮ ಮೇಲೆ ಹೇರಲು ಈ ಪತ್ರ ಬರೆಯುತ್ತಿಲ್ಲ. ಪೊಲೀಸರ ಮೈಗೆ ನಾವು ಕೊಡುವ ಬೆಲೆಯನ್ನು ಅವರ ಬುದ್ಧಿಗೆ ಕೊಟ್ಟಿಲ್ಲ ಎಂಬ ಕೊರಗು ನನಗಿದೆ. ಅದಕ್ಕಾಗಿ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಜಿಲ್ಲಾ ಪೊಲೀಸ್ ಕ್ರೀಡಾಕೂಟ ನಡೆಯುತ್ತದೆ. ಓಟ, ಗುಂಡು ಎಸೆತ, ಕಬಡ್ಡಿ, ಹಗ್ಗಜಗ್ಗಾಟ ಎಲ್ಲ ಇರುತ್ತದೆ, ಇರಬೇಕು ಕೂಡ. ಆದರೆ ಐವತ್ತರ ಹತ್ತಿರ ಬಂದ ಹೆಡ್ ಕಾನ್‌ಸ್ಟೆಬಲ್, ಮಂಡಿನೋವಿನ ಎಎಸ್‌ಐ ಅಲ್ಲಿ ಏನು ಮಾಡಬೇಕು? ಶಾಮಿಯಾನದಡಿ ಕೂತು ಚಪ್ಪಾಳೆ ತಟ್ಟಬೇಕು. ಪೊಲೀಸ್ ಕರ್ತವ್ಯ ಕೂಟ ಅಂತ ಇನ್ನೊಂದಿದೆ. ಬೆರಳಚ್ಚು, ಫೋಟೊಗ್ರಫಿ, ಒಮ್ಮೆ ನೋಡಿದ ವಸ್ತುಗಳನ್ನು ನೆನಪಿಟ್ಟು ಬರೆಯುವ ಪರೀಕ್ಷೆ, ಇಂಥವೆಲ್ಲ ಅಲ್ಲಿವೆ. ಅದು ನಿಜಕ್ಕೂ ಬುದ್ಧಿಯ ಸ್ಪರ್ಧೆ. ಆದರೆ ಅಲ್ಲಿಯವರೆಗೆ ಹೋಗುವವರು ಬೆರಳೆಣಿಕೆಯ ಮಂದಿ. ಪಾವಗಡದ ಗಡಿ ಠಾಣೆಯಲ್ಲಿ ರಾತ್ರಿ ಸೆಂಟ್ರಿ ನಿಂತವರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ನಿಮ್ಮ ದಿನದ ಕೆಲಸದಲ್ಲಿ ಎಷ್ಟೊಂದು ಒಗಟು ಬಿಡಿಸುತ್ತೀರಿ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಸಮನ್ಸ್ ಜಾರಿಯನ್ನೇ ನೋಡಿ. ಕಾಗದದಲ್ಲಿ ಇಂಥವರು ಬಿನ್ ಇಂಥವರು ಅಂತಿರುತ್ತದೆ, ಊರಿನ ಹೆಸರಿರುತ್ತದೆ, ಅಷ್ಟೇ. ಊರಿಗೆ ಹೋದರೆ ಅದೇ ಹೆಸರಿನವರು ನಾಲ್ಕು ಜನ, ಅವರಲ್ಲಿ ಇಬ್ಬರ ಅಪ್ಪಂದಿರ ಹೆಸರೂ ಒಂದೇ. ಆಗ ಕಾನ್‌ಸ್ಟೆಬಲ್ ಮನೆತನ ಕೇಳುತ್ತಾರೆ, ಅಡ್ಡಹೆಸರು ಕೇಳುತ್ತಾರೆ, ಯಾರ ಜಮೀನು ಯಾರ ಬದುವಿಗೆ ಸೇರಿದೆ ಎಂದು ವಿಚಾರಿಸುತ್ತಾರೆ. ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಉಳಿದವರ ಕೈಗೆ ಕಾಗದ ಕೊಡುತ್ತಾರೆ. ಮೂರು ಕಡೆ ಆಂಧ್ರ ಸುತ್ತಿಕೊಂಡ ಪಾವಗಡದಲ್ಲಂತೂ ಮನೆ ಈ ರಾಜ್ಯದಲ್ಲಿ, ಬಾವಿ ಆ ರಾಜ್ಯದಲ್ಲಿ, ಬೀಗರು ಮಡಕಶಿರಾದಲ್ಲಿ. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡು ಮಾಡಿದ ಕೆಲಸ ದಾಖಲೆಯಲ್ಲಿ 'ಸಮನ್ಸ್ ಜಾರಿಯಾಗಿದೆ' ಎಂಬ ಒಂದೇ ಸಾಲಾಗಿ ಉಳಿಯುತ್ತದೆ.

ಪೊಲೀಸರು ಒಗಟು ಬಿಡಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ನಿದರ್ಶನವಿದೆ. ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳ ಪೊಲೀಸಿನ ಸಬ್ ಇನ್‌ಸ್ಪೆಕ್ಟರುಗಳು. ಸಾವಿರಾರು ಬೆರಳಚ್ಚಿನ ಹಾಳೆಗಳಿದ್ದರೆ ಬೇಕಾದ ಒಂದನ್ನು ಹುಡುಕುವುದು ಹೇಗೆ ಎಂಬುದು ಅವರ ಮುಂದಿದ್ದ ಸಮಸ್ಯೆ. ಲೆಕ್ಕ ಓದಿದ್ದ ಹಕ್ ಹತ್ತು ಬೆರಳುಗಳ ಸುರುಳಿಗಳಿಗೆ ಅಂಕಿ ಕೊಟ್ಟು, ಹಾಳೆಗಳನ್ನೆಲ್ಲ 1,024 ಖಾನೆಗಳಿಗೆ ಹಂಚುವ ಸೂತ್ರ ಕಟ್ಟಿದರು. ಬೋಸ್ ಅದನ್ನು ಇನ್ನಷ್ಟು ಬೆಳೆಸಿದರು. 1897ರಲ್ಲಿ ಕೊಲ್ಕತ್ತದಲ್ಲಿ ಬೆರಳಚ್ಚು ಕೇಂದ್ರ ಶುರುವಾಯಿತು, ಜಗತ್ತಿನಲ್ಲೇ ಮೊದಲನೆಯದು. ಆ ಪದ್ಧತಿ ದೇಶದೇಶಗಳಿಗೆ ಹಬ್ಬಿದ್ದು ಮಾತ್ರ ಅವರ ಮೇಲಧಿಕಾರಿ ಎಡ್ವರ್ಡ್ ಹೆನ್ರಿಯ ಹೆಸರಿನಲ್ಲಿ. ಬುದ್ಧಿ ಕೆಳಗಿನವರದು, ಹೆಸರು ಮೇಲಿನವರದು ಆದ ಈ ಕತೆ ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಒಗಟಿನ ಹಾಳೆಯಲ್ಲಿ ಹಾಗಾಗದಂತೆ ನೋಡಿಕೊಳ್ಳಬಹುದು. ದರ್ಜೆ ಬರೆಯದೆ, ಬರೀ ಕೂಪನ್ ನಂಬರ್ ಹಾಕಿ ಉತ್ತರ ಕೊಟ್ಟರೆ, ತಿದ್ದುವವರಿಗೆ ಅದು ಇನ್‌ಸ್ಪೆಕ್ಟರ ಉತ್ತರವೋ ಮೊನ್ನೆ ಸೇರಿದ ಮಹಿಳಾ ಕಾನ್‌ಸ್ಟೆಬಲ್ ಉತ್ತರವೋ ಗೊತ್ತಾಗುವುದಿಲ್ಲ.

ಸಂಘ ಎಂಬ ಮಾತು ಬಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಅಳುಕು ಎಂದು ಬಲ್ಲೆ. 2016ರ ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಬಂದದ್ದು, ಆಗ ಆದದ್ದೆಲ್ಲ ನಿಮಗೆ ನನಗಿಂತ ಚೆನ್ನಾಗಿ ನೆನಪಿದೆ. ಪೊಲೀಸ್ ಪಡೆಗಳ ಹಕ್ಕುಗಳನ್ನು ಮಿತಿಗೊಳಿಸುವ 1966ರ ಕೇಂದ್ರ ಕಾಯ್ದೆಯ 3ನೇ ಕಲಂ ತೆಗೆದು ಓದಿ. ಕಾರ್ಮಿಕ ಸಂಘ, ರಾಜಕೀಯ ಸಂಘ ಸೇರಲು ಅನುಮತಿ ಬೇಕು ಎಂದು ಹೇಳುವ ಅದೇ ಕಲಂ, ಶುದ್ಧ ಸಾಮಾಜಿಕ, ಮನೋಲ್ಲಾಸದ, ಧಾರ್ಮಿಕ ಸ್ವರೂಪದ ಸಂಘಗಳನ್ನು ಆ ನಿರ್ಬಂಧದಿಂದ ಹೊರಗಿಟ್ಟಿದೆ. ಕೂತು ಒಗಟು ಬಿಡಿಸಿ ಪುಸ್ತಕ ಗೆಲ್ಲುವುದು ಮನೋಲ್ಲಾಸವಲ್ಲದೆ ಇನ್ನೇನು? ಹಾಗಿದ್ದೂ ಎಸ್‌ಪಿ ಸಾಹೇಬರಿಗೆ ಒಂದು ಪತ್ರ ಬರೆದು, ಅವರ ಒಪ್ಪಿಗೆ ಪಡೆದೇ ಶುರು ಮಾಡಿ. ನಿಮ್ಮ ಇಲಾಖೆಯ ರೀತಿಯೂ ಅದೇ, ಮುಂದೆ ಯಾರೂ ಬೆರಳು ತೋರಿಸುವಂತಾಗುವುದೂ ಇಲ್ಲ.

ಇನ್ನೊಂದು ಕಾನೂನಿನ ವಿಷಯ ಇದಕ್ಕಿಂತ ಮುಖ್ಯ. ಇದು ನಮ್ಮ ರಾಜ್ಯದ್ದೇ ಕತೆ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 1950ರ ದಶಕದಲ್ಲಿ ಬೆಂಗಳೂರಿನಲ್ಲಿ 'ಸ್ಪೋರ್ಟಿಂಗ್ ಸ್ಟಾರ್' ಎಂಬ ವಾರಪತ್ರಿಕೆ ಅಚ್ಚಾಗುತ್ತಿತ್ತು. ಅದರಲ್ಲಿ 'ಆರ್.ಎಂ.ಡಿ.ಸಿ. ಕ್ರಾಸ್‌ವರ್ಡ್ಸ್' ಎಂಬ ಬಹುಮಾನದ ಪದಬಂಧ. ಆರ್.ಎಂ.ಡಿ. ಚಮರ್‌ಬಾಗ್‌ವಾಲಾ ಎಂಬವರು ಅದನ್ನು ನಡೆಸುತ್ತಿದ್ದರು. ಮುಂಬೈ ರಾಜ್ಯದಲ್ಲಿ ಅದಕ್ಕೆ ಭಾರೀ ಬೇಡಿಕೆ. ಶುಲ್ಕ ಕಟ್ಟಿ ಉತ್ತರ ಕಳಿಸಬೇಕು. ತಂತ್ರವಿದ್ದದ್ದು ಸುಳಿವಿನಲ್ಲಿ. ಒಂದೇ ಜಾಗಕ್ಕೆ ಎರಡು ಪದಗಳೂ ಒಪ್ಪುವಂತೆ ಸುಳಿವು ಬರೆಯುತ್ತಿದ್ದರು. ಸಂಪಾದಕರು ಮೊದಲೇ ಮೊಹರು ಮಾಡಿಟ್ಟ ಉತ್ತರಕ್ಕೆ ನಿಮ್ಮದು ತಾಳೆಯಾದರೆ ಹಣ ನಿಮ್ಮದು. ಮುಂಬೈ ಸರ್ಕಾರ ತೆರಿಗೆ, ಪರವಾನಗಿ ಎಂದು ಹಿಡಿತ ಬಿಗಿಮಾಡಿತು. ಸಂಸತ್ತು 1955ರಲ್ಲಿ ಬಹುಮಾನ ಸ್ಪರ್ಧೆಗಳ ಕಾಯ್ದೆ ತಂದು ತಿಂಗಳ ಬಹುಮಾನದ ಮೊತ್ತ ಸಾವಿರ ರೂಪಾಯಿ ಮೀರಬಾರದೆಂದು ಕಟ್ಟುಹಾಕಿತು. ಎರಡರ ವಿರುದ್ಧವೂ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು.

1957ರ ಏಪ್ರಿಲ್ 9ರಂದು ತೀರ್ಪು ಬಂತು. ಬುದ್ಧಿಯಿಂದಲ್ಲದೆ ಅದೃಷ್ಟದಿಂದ ಗೆಲ್ಲುವ ಪದಬಂಧ ಜೂಜೇ ಹೊರತು ವ್ಯಾಪಾರವಲ್ಲ, ಅದಕ್ಕೆ ಸಂವಿಧಾನದ ವ್ಯಾಪಾರ ಸ್ವಾತಂತ್ರ್ಯದ ರಕ್ಷಣೆ ಸಿಗದು ಎಂದಿತು ನ್ಯಾಯಾಲಯ. ಹಾಗೆಯೇ, ಗೆಲುವು ಬಹುಮಟ್ಟಿಗೆ ಕೌಶಲವನ್ನು ಅವಲಂಬಿಸಿದ ಸ್ಪರ್ಧೆಗಳು 1955ರ ಕಾಯ್ದೆಯ ಕಟ್ಟಿಗೆ ಬರುವುದಿಲ್ಲ ಎಂದೂ ಹೇಳಿತು. ಕೌಶಲಕ್ಕೂ ಜೂಜಿಗೂ ನಡುವೆ ಅಂದು ಎಳೆದ ಆ ಗೆರೆಯನ್ನು ಇಂದಿಗೂ ನ್ಯಾಯಾಲಯಗಳು ಎತ್ತಿ ಹೇಳುತ್ತವೆ. ನೀವು ಇಸ್ಪೀಟು ಅಡ್ಡೆಯ ಮೇಲೆ ದಾಳಿ ಮಾಡಿ ಕೆ.ಪಿ. ಆಕ್ಟ್ ಕಲಂ 87 ಬರೆಯುವಾಗ, ಮಟ್ಕಾ ಚೀಟಿ ಜಪ್ತಿ ಮಾಡುವಾಗ ಆ ಗೆರೆಯ ಈಚೆ ನಿಂತಿರುತ್ತೀರಿ.

ನಿಮ್ಮ ಸ್ಪರ್ಧೆಯೂ ಆ ಗೆರೆಯ ಈಚೆಯೇ ಇರಬೇಕು. ಒಂದು ಪೈಸೆ ಪ್ರವೇಶ ಶುಲ್ಕ ಬೇಡ. ಎರಡು ಉತ್ತರ ಒಪ್ಪುವ ಸುಳಿವು ಬೇಡ. ಹಾಗೆ ಆಗಿಬಿಟ್ಟರೆ ಎರಡನ್ನೂ ಸರಿ ಎನ್ನಬೇಕು. ಸರಿಯುತ್ತರ ಬರೆದವರು ಹದಿನೈದು ಜನ ಆದರು ಎಂದು ಚೀಟಿ ಎತ್ತುವ ಪದ್ಧತಿ ಇದೆಯಲ್ಲ, ಅದನ್ನಂತೂ ದಯವಿಟ್ಟು ಮಾಡಬೇಡಿ. ಅಲ್ಲಿಯವರೆಗೆ ಬುದ್ಧಿಯಿಂದ ನಡೆದದ್ದನ್ನು ಕಡೇ ಗಳಿಗೆಯಲ್ಲಿ ಅದೃಷ್ಟದ ಕೈಗೆ ಕೊಟ್ಟಂತಾಗುತ್ತದೆ. ಬದಲಿಗೆ ಉತ್ತರದ ಕೆಳಗೆ ನಾಲ್ಕು ಸಾಲು ಬರೆಯಿಸಿ, ಹೇಗೆ ಬಿಡಿಸಿದೆ ಎಂದು. ಯಾರ ವಿವರಣೆ ಬಿಗಿಯಾಗಿದೆಯೋ ಅವರಿಗೆ ಪುಸ್ತಕ. ಮೊಬೈಲ್ ನೋಡಿ ಉತ್ತರ ಬರೆಯುತ್ತಾರೆ ಎಂಬ ದೂರಿಗೂ ಇದೇ ಮದ್ದು. ದಾರಿ ತಿಳಿಯದವರಿಗೆ ಆ ನಾಲ್ಕು ಸಾಲು ಬರೆಯಲಾಗುವುದಿಲ್ಲ.

ತರ್ಕದ ಸಮಸ್ಯೆ ಎಂದರೆ ಎಂಥದ್ದು ಎಂದು ಕೇಳುವವರಿಗೆ ಒಂದನ್ನು ಇಲ್ಲೇ ಕಟ್ಟಿ ಕೊಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ಠಾಣೆಗಳಿಂದ ಒಬ್ಬೊಬ್ಬರಂತೆ ನಾಲ್ವರು ಕಾನ್‌ಸ್ಟೆಬಲ್‌ಗಳು. ಒಬ್ಬರಿಗೆ ಕೋರ್ಟ್ ಡ್ಯೂಟಿ, ಒಬ್ಬರಿಗೆ ರಾತ್ರಿ ಬೀಟ್, ಒಬ್ಬರಿಗೆ ಬಂದೋಬಸ್ತ್, ಒಬ್ಬರಿಗೆ ಸೆಂಟ್ರಿ. ವಾರದ ರಜೆ ಸೋಮ, ಮಂಗಳ, ಬುಧ, ಗುರುವಾರ, ಒಬ್ಬೊಬ್ಬರಿಗೆ ಒಂದೊಂದು ದಿನ. ಕೋರ್ಟ್ ಡ್ಯೂಟಿಯವರ ರಜೆ ಸೋಮವಾರ. ಬಂದೋಬಸ್ತ್ ಕೊರಟಗೆರೆಯವರದು. ಮಧುಗಿರಿಯವರೂ ಪಾವಗಡದವರೂ ಕೋರ್ಟಿಗೆ ಹೋದವರಲ್ಲ. ರಾತ್ರಿ ಬೀಟ್‌ನವರ ರಜೆಯ ಹಿಂದಿನ ದಿನವೇ ಪಾವಗಡದವರ ರಜೆ. ಕೊರಟಗೆರೆಯವರ ರಜೆ ಬರುವುದು ಮಧುಗಿರಿಯವರ ರಜೆ ಮುಗಿದ ಮೇಲೆ. ಹಾಗಾದರೆ ಯಾರು ಯಾವ ಕೆಲಸದಲ್ಲಿದ್ದಾರೆ, ಯಾರಿಗೆ ಯಾವತ್ತು ರಜೆ?

ಸುಳಿವುಗಳಲ್ಲಿ ಶಿರಾದವರ ಹೆಸರನ್ನೇ ನಾನು ಎತ್ತಿಲ್ಲ ನೋಡಿ. ಆದರೂ ಮೊದಲು ಸಿಗುವುದು ಅವರೇ. ಕೊರಟಗೆರೆಯವರು ಬಂದೋಬಸ್ತ್‌ನಲ್ಲಿ, ಮಧುಗಿರಿ, ಪಾವಗಡದವರು ಕೋರ್ಟಿಗೆ ಹೋಗಿಲ್ಲ, ಅಂದಮೇಲೆ ಕೋರ್ಟಿನಲ್ಲಿ ಇರಬೇಕಾದವರು ಶಿರಾದವರೇ. ಯಾರೂ ಹೇಳಿಕೆ ಕೊಡದ ಸಂಗತಿಯನ್ನು ಬೇರೆಯವರ ಹೇಳಿಕೆಗಳಿಂದ ತೆಗೆಯುವುದು ನಿಮಗೆ ಹೊಸದೇನಲ್ಲ, ಕೇಸ್ ಡೈರಿ ಬರೆಯುವವರು ದಿನಾ ಮಾಡುವ ಕೆಲಸ ಅದು. ಉಳಿದದ್ದನ್ನು ನೀವೇ ಬಿಡಿಸಿ. ಒಂದೇ ಉತ್ತರವಿದೆ.

ಪದಬಂಧವನ್ನೂ ನಮ್ಮ ನೆಲದಿಂದಲೇ ಕಟ್ಟಬಹುದು. ಎಡದಿಂದ ಬಲಕ್ಕೆ: ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲಿನಲ್ಲಿ ನೆಗೆಯುವ ಕೋಡಿನ ಚೆಲುವ, ನಾಲ್ಕು ಅಕ್ಷರ. ಮೇಲಿನಿಂದ ಕೆಳಕ್ಕೆ: ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಸೀಮೆ ಹಾದು ಪಿನಾಕಿನಿ ಸೇರುವ ಹೊಳೆ, ಐದು ಅಕ್ಷರ. ಕೃಷ್ಣಮೃಗ, ಜಯಮಂಗಲಿ. ಮೊದಲನೆಯದರ ಕೊನೆಯ 'ಗ', ಎರಡನೆಯದರ ನಾಲ್ಕನೆಯ 'ಗ' ಒಂದೇ ಮನೆಯಲ್ಲಿ ಕೂಡುತ್ತವೆ. ಇಂಥದೊಂದು ಸಿಕ್ಕಿದ ದಿನ ಪದಬಂಧ ಕಟ್ಟುವವರಿಗೆ ಆಗುವ ಸಂತೋಷವೇ ಬೇರೆ. ಕಗ್ಗಲಡಿಗೆ ಪ್ರತಿ ವರ್ಷ ಬರುವ ಬಣ್ಣದ ಕೊಕ್ಕರೆ, ಶಿರಾದ ಮಲಿಕ್ ರೆಹಾನ್ ದರ್ಗಾ, ಸಿದ್ಧರಬೆಟ್ಟ, ಗೊರವನಹಳ್ಳಿ, ನಿಡಗಲ್ಲು ದುರ್ಗ, ಬರೆಯುತ್ತಾ ಹೋದರೆ ಒಂದು ವರ್ಷಕ್ಕಾಗುವಷ್ಟು ಪದಗಳು ನಾಲ್ಕು ತಾಲ್ಲೂಕಿನಲ್ಲೇ ಸಿಗುತ್ತವೆ. ಲೆಕ್ಕ ಬೇಕೆಂದರೆ ಪಾವಗಡದ ತಿರುಮಣಿಯ ಸೌರ ಪಾರ್ಕ್ ಇದೆ. 13,000 ಎಕರೆ, 2,050 ಮೆಗಾವ್ಯಾಟ್, ಒಂದು ಮೆಗಾವ್ಯಾಟಿಗೆ ಎಷ್ಟು ಎಕರೆ ಬೇಕಾಯಿತು? ಆ ಬೇಲಿಯ ಪಕ್ಕ ಗಸ್ತು ತಿರುಗಿದವರಿಗೆ ಈ ಲೆಕ್ಕದಲ್ಲಿ ಇರುವ ಆಸಕ್ತಿ ಪುಸ್ತಕದ ಲೆಕ್ಕದಲ್ಲಿ ಇರುವುದಿಲ್ಲ.

ಒಗಟು ನಮಗೇನೂ ಪರದೇಶದಿಂದ ಬಂದದ್ದಲ್ಲ. ಅಲ್ಲಮನ ಬೆಡಗಿನ ವಚನಗಳು, ಕನಕದಾಸರ ಮುಂಡಿಗೆಗಳು ಬಿಡಿಸಿಕೊಂಡು ಓದಬೇಕಾದವೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಸಲ ಹಾಯಿಸುವ ಸಮಸ್ಯೆಯ ಹಿಂದೆ ಬಿದ್ದು ಹಲವು ಬಗೆಯಲ್ಲಿ ಬಿಡಿಸಿದರು. ಒಂದು ಹಾಳೆ, ಒಂದು ಪೆನ್ಸಿಲ್ಲು ಇದ್ದರೆ ಆ ಕುದುರೆ ನಡೆಯನ್ನು ಯಾರು ಬೇಕಾದರೂ ಪ್ರಯತ್ನಿಸಬಹುದು, ಒಂದು ಸಂಜೆಗಂತೂ ಮುಗಿಯುವುದಿಲ್ಲ. ಮನೆಮನೆಯ ಒಗಟುಗಳಂತೂ ಲೆಕ್ಕವಿಲ್ಲದಷ್ಟಿವೆ. ಪಾವಗಡದ ಮನೆಗಳಲ್ಲಿ ತೆಲುಗಿನ ಪೊಡುಪು ಕಥೆಗಳಿವೆ, ಶಿರಾದ ಮನೆಗಳಲ್ಲಿ ಉರ್ದು ಪಹೇಲಿಗಳಿವೆ. ಅಜ್ಜಿಯರಿಂದ ಕೇಳಿ ಬರೆದು ತಂದವರಿಗೂ ಒಂದು ಪುಸ್ತಕ ಇಡಿ. ಹಾಳೆ ಕನ್ನಡದಲ್ಲಿರಲಿ, ಒಗಟು ಯಾವ ಮನೆಯಿಂದ ಬಂದರೂ ಕನ್ನಡದಲ್ಲಿ ಬಿಡಿಸಿ ಹೇಳೋಣ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇದನ್ನು ಇಲಾಖಾ ಪರೀಕ್ಷೆ ಮಾಡಬೇಡಿ. 2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದಿವೆ. ದಂಡ ಸಂಹಿತೆಯಲ್ಲಿ ಕೊಲೆಯ ಕಲಂ 302 ಹೋಗಿ 103 ಆಯಿತು, 511 ಕಲಂಗಳ ಜಾಗದಲ್ಲಿ 358 ಬಂದವು. ಹಳೆಯ ಕಲಂ ಈ ಕಡೆ, ಹೊಸ ಕಲಂ ಆ ಕಡೆ ಬರೆದು 'ಹೊಂದಿಸಿ ಬರೆಯಿರಿ' ಎಂದು ಹಾಳೆ ತುಂಬುವ ಆಸೆ ಯಾರಿಗಾದರೂ ಬರುತ್ತದೆ. ಅದು ತರಬೇತಿಗೆ ಸೇರಿದ್ದು, ಅದರ ಜಾಗ ಬೇರೆ. ಬಂದೋಬಸ್ತ್ ಮುಗಿಸಿ ಬಂದವರ ತಲೆಗೆ ಮತ್ತೆ ಕಲಂ ತುರುಕಿದರೆ ಎರಡನೆಯ ತಿಂಗಳಿಗೇ ಹಾಳೆ ಮುಟ್ಟುವವರು ಇರುವುದಿಲ್ಲ. ಹಾಗೆಯೇ ಭಾಗವಹಿಸುವುದು ಕಡ್ಡಾಯ ಎಂದು ಯಾರೂ ರೋಲ್ ಕಾಲ್‌ನಲ್ಲಿ ಹೇಳಬಾರದು. ಎಷ್ಟು ಜನ ಬರೆದರು ಎಂಬ ಅಂಕಿಅಂಶ ಮೇಲಕ್ಕೆ ಕಳಿಸುವುದೂ ಬೇಡ.

ಸಮಯ ಪೂರ್ತಿ ಒಂದು ತಿಂಗಳಿರಲಿ. ಶ್ರಾವಣದಲ್ಲಿ ಪಾವಗಡದವರು ಶನೈಶ್ಚರ ದೇವಸ್ಥಾನದ ಜನಜಂಗುಳಿಯಲ್ಲಿರುತ್ತಾರೆ. ದಂಡಿನ ಮಾರಮ್ಮನ ಜಾತ್ರೆ ಬಂದಾಗ ಮಧುಗಿರಿಯವರಿಗೆ ಉಸಿರಾಡಲು ಬಿಡುವಿಲ್ಲ. ಶಿರಾದವರನ್ನು ಹೆದ್ದಾರಿಯ ಅಪಘಾತಗಳು ಯಾವ ಹೊತ್ತಿನಲ್ಲಿ ಎಬ್ಬಿಸುತ್ತವೋ ಹೇಳಲಾಗದು. ವಾರದೊಳಗೆ ಉತ್ತರ ಕೊಡಿ ಎಂದರೆ ಆಫೀಸಿನಲ್ಲಿ ಕೂರುವವರೇ ಗೆಲ್ಲುತ್ತಾರೆ. ತಿದ್ದಲು ಹೊರಗಿನ ಇಬ್ಬರನ್ನು ಕರೆಯಿರಿ. ನಿವೃತ್ತ ಗಣಿತ ಮೇಷ್ಟ್ರು ಒಬ್ಬರು, ತಾಲ್ಲೂಕು ಗ್ರಂಥಾಲಯದ ಮೇಲ್ವಿಚಾರಕರು ಒಬ್ಬರು ಸಾಕು. ಅವರ ತೀರ್ಮಾನಕ್ಕೆ ಸಾಹೇಬರೂ ಬದ್ಧರಾಗಿರಬೇಕು.

ಇನ್ನು ಪುಸ್ತಕ. ಮನಸ್ಸಿಟ್ಟು ಮಾಡಬೇಕಾದ ಕೆಲಸ ಇದೇ. 2023ರಲ್ಲಿ ಮುಖ್ಯಮಂತ್ರಿಯಾದ ಹೊಸತರಲ್ಲಿ ಸಿದ್ದರಾಮಯ್ಯನವರು ಹಾರ ಶಾಲು ಬೇಡ, ಪ್ರೀತಿಯಿಂದ ಕೊಡುವುದಾದರೆ ಪುಸ್ತಕ ಕೊಡಿ ಎಂದರು. ಒಳ್ಳೆಯ ಮಾತು. ಆದರೆ ಕೊಡುವವರು ಯಾವುದೋ ಗೋಡೌನಿನಲ್ಲಿ ಉಳಿದ ಕಟ್ಟು ತಂದು ಹಂಚಿದರೆ ಅದು ಬೀರುವಿನ ತಲೆ ಮೇಲೆ ಹೋಗಿ ಕೂರುತ್ತದೆ. ಗೆದ್ದವರೇ ಆರಿಸಿಕೊಳ್ಳಲಿ. ಮೂವತ್ತು ನಲವತ್ತು ಪುಸ್ತಕಗಳ ಒಂದು ಪಟ್ಟಿ ಮಾಡಿ, ವರ್ಷಕ್ಕೊಮ್ಮೆ ಬದಲಿಸಿ. ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಪರಿಷತ್ತಿನ ಪ್ರಕಟಣೆಗಳು ಕಡಿಮೆ ಬೆಲೆಗೆ ಸಿಗುತ್ತವೆ, ಸಂಘದ ಕೈಗೆ ಎಟುಕದ ಖರ್ಚೇನೂ ಅಲ್ಲ.

ಪಟ್ಟಿಯಲ್ಲಿ ನನ್ನ ಕಡೆಯಿಂದ ಕೆಲವು. ತೇಜಸ್ವಿಯವರ 'ಚಿದಂಬರ ರಹಸ್ಯ', 'ಜುಗಾರಿ ಕ್ರಾಸ್'. ಕಾಡು, ಏಲಕ್ಕಿ, ಕಳ್ಳಸಾಗಣೆ, ತನಿಖೆ ಎಲ್ಲವೂ ಅಲ್ಲಿ ಇರುವುದರಿಂದ ನಿಮ್ಮವರು ಕೆಳಗಿಡದೆ ಓದುತ್ತಾರೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಒಂದು ಕಾಲಕ್ಕೆ ಹಳ್ಳಿ ಹಳ್ಳಿಯಲ್ಲಿ ಕನ್ನಡ ಓದುವ ಚಟ ಹತ್ತಿಸಿದವು ಅವು, ಈಗ ಮರೆಯಾಗುತ್ತಿವೆ. ನಿಮ್ಮ ಇಲಾಖೆಯಲ್ಲೇ ಇದ್ದು ಬರೆದ ಡಿ.ವಿ. ಗುರುಪ್ರಸಾದ್, ವಿಜಯ ಸಾಸನೂರ, ಧರಣೀದೇವಿ ಮಾಲಗತ್ತಿಯವರ ಕೃತಿಗಳು. ಶಿರಾ ತಾಲ್ಲೂಕಿನ ಬರಗೂರಿನವರೇ ಆದ ಬರಗೂರು ರಾಮಚಂದ್ರಪ್ಪನವರ ಪುಸ್ತಕ ಇಲ್ಲದಿದ್ದರೆ ಪಟ್ಟಿ ಪೂರ್ತಿಯಾಗದು. ಮಕ್ಕಳಿಗೆ ಶಿವರಾಮ ಕಾರಂತರ 'ಬಾಲ ಪ್ರಪಂಚ'. ಪದಬಂಧದ ರುಚಿ ಹತ್ತಿದವರಿಗೆ ಜಿ. ವೆಂಕಟಸುಬ್ಬಯ್ಯನವರ 'ಇಗೋ ಕನ್ನಡ', ಪರಿಷತ್ತಿನ 'ಕನ್ನಡ ರತ್ನಕೋಶ'.

ದೇವನೂರ ಮಹಾದೇವರ 'ಒಡಲಾಳ'ವನ್ನು ಬೇಕೆಂದೇ ಬೇರೆ ಇಟ್ಟಿದ್ದೇನೆ. ಕಡಲೆಕಾಯಿ ಕಳುವಾಯಿತೆಂದು ಬಡವರ ಗುಡಿಸಲಿಗೆ ಪೊಲೀಸರು ಬರುವ ಕತೆ ಅದರಲ್ಲಿದೆ. ಪಾವಗಡದಂಥ ಕಡಲೆಕಾಯಿ ಸೀಮೆಯಲ್ಲಿ ಕೆಲಸ ಮಾಡುವವರು ಓದಬೇಕಾದ ಪುಸ್ತಕ. ಆ ಗುಡಿಸಲಿನ ಒಳಗಿದ್ದವರ ಕಣ್ಣಿಗೆ ಖಾಕಿ ಹೇಗೆ ಕಾಣುತ್ತದೆ ಎಂಬುದನ್ನು ಯಾವ ತರಬೇತಿ ಶಾಲೆಯೂ ಅಷ್ಟು ಚೆನ್ನಾಗಿ ಹೇಳಿಕೊಡಲಾರದು. ನಿಮಗೆ ಮುಜುಗರವಾಗಬಹುದು ಎಂದು ಇಂಥ ಪುಸ್ತಕಗಳನ್ನು ಪಟ್ಟಿಯಿಂದ ತೆಗೆಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಗೆದ್ದವರ ಹೆಸರು, ಠಾಣೆ, ತಿಂಗಳು, ಬಿಡಿಸಿದ ಒಗಟು ಯಾವುದು ಎಂಬುದನ್ನು ಕೈಯಿಂದ ಬರೆಯಿಸಿ. ಕ್ವಾರ್ಟರ್ಸ್‌ನ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ನೋಡುವುದು ರಾತ್ರಿ ದಣಿದು ಬಂದಾಗ, ಬೆಳಗ್ಗೆ ಆತುರದಲ್ಲಿ ಹೊರಟಾಗ. ಆ ಅಪ್ಪ ಅಮ್ಮ ಯೋಚನೆ ಮಾಡಿ ಗೆದ್ದು ತಂದದ್ದು ಮನೆಯಲ್ಲಿ ಇದೆ ಎಂದು ಆ ಮಕ್ಕಳಿಗೆ ಗೊತ್ತಾಗಬೇಕು.

ಬಹುಮಾನ ಕೊಡಲು ಬೇರೆ ಸಮಾರಂಭ ಬೇಡ. ತಿಂಗಳ ಪುಸ್ತಕವನ್ನು ಠಾಣೆಯಲ್ಲೇ, ಬೆಳಗಿನ ರೋಲ್ ಕಾಲ್ ಹೊತ್ತಿಗೆ ಕೊಡಿ. ವರ್ಷದಲ್ಲಿ ಹೆಚ್ಚು ಬಿಡಿಸಿದ ನಾಲ್ವರಿಗೆ, ತಾಲ್ಲೂಕಿಗೆ ಒಬ್ಬರಂತೆ, ಏಪ್ರಿಲ್ 2ರ ಪೊಲೀಸ್ ಧ್ವಜ ದಿನ ಪುಸ್ತಕದ ಗಂಟು ಕೊಡಿ. 1965ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆ ಜಾರಿಗೆ ಬಂದ ದಿನ ಅದು. ನಿವೃತ್ತರ ಕಲ್ಯಾಣ ನಿಧಿಗೆ ಧ್ವಜ ಮಾರುವ ದಿನವೂ ಹೌದು, ಆದ್ದರಿಂದ ಹಿರಿಯರು ಹೇಗೂ ಬಂದಿರುತ್ತಾರೆ.

ಮೊದಲ ಮೂರು ತಿಂಗಳ ಹಾಳೆಗಳನ್ನು ನಾನು ಕಟ್ಟಿ ಕೊಡುತ್ತೇನೆ, ಸಂಭಾವನೆ ಬೇಡ. ಆಮೇಲೆ ನಿಮ್ಮವರೇ ಕಟ್ಟಬೇಕು. ಇಪ್ಪತ್ತು ಮೂವತ್ತು ವರ್ಷ ಠಾಣೆಯ ರೈಟರ್ ಆಗಿ ಎಫ್‌ಐಆರ್, ಮಹಜರು ಬರೆದು ನಿವೃತ್ತರಾದವರು ನಾಲ್ಕೂ ಊರುಗಳಲ್ಲಿ ಇದ್ದಾರೆ. ಒಂದು ಪದ ಆಚೀಚೆಯಾದರೆ ಅರ್ಥ ಎಲ್ಲಿಗೆ ಹೋಗುತ್ತದೆ ಎಂದು ಅವರಿಗಿಂತ ಬಲ್ಲವರಿಲ್ಲ. ಅವರನ್ನು ಹುಡುಕಿ ಹೇಳಿಕಳಿಸಿ. ಈ ಪತ್ರವನ್ನು ಸಂಘದ ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿ, ಒಪ್ಪಿಗೆಯಾದರೆ ದಿನ ತಿಳಿಸಿ. ನಾಲ್ಕೂ ತಾಲ್ಲೂಕಿಗೆ ಹಾಳೆ ಹಿಡಿದು ನಾನೇ ಬರುತ್ತೇನೆ.

ಇಂತಿ ನಿಮ್ಮ ವಿಶ್ವಾಸಿ,
ಮಧುಗಿರಿಯ ಒಬ್ಬ ಪದಬಂಧಕಾರ